ಹಾಡಿನ ಮೇಲಿನ ಸಣ್ಣ ಸಾಲು

ಸುತ್ತೂರು ಜಾತ್ರೆಗೆ ಹೋದಾಗಲೆಲ್ಲ ನಾವು ತೇರಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಭಜನಾ ಮೇಳದ ಚಪ್ಪರದಲ್ಲಿ. ನಂಜನಗೂಡು ತಾಲ್ಲೂಕಿನ ಈ ಊರು ಕಪಿಲೆಯ ದಂಡೆಯ ಮೇಲಿದೆ. ಪುಷ್ಯ ಮಾಸ ಮುಗಿಯುವ ಹೊತ್ತಿಗೆ ಇಲ್ಲಿ ಶಿವರಾತ್ರೀಶ್ವರ ಶಿವಯೋಗಿಗಳ ಹೆಸರಿನಲ್ಲಿ ಆರು ದಿನ ಜಾತ್ರೆ ಕೂಡುತ್ತದೆ. ಕೊಂಡ, ತೆಪ್ಪ, ಕುಸ್ತಿ, ದನಗಳ ಪರಿಷೆ, ಸಾಮೂಹಿಕ ಮದುವೆ ಎಲ್ಲವೂ ಉಂಟು. ಇವುಗಳ ನಡುವೆ ನಾಡಿನ ಬೇರೆ ಬೇರೆ ಕಡೆಯ ಭಜನಾ ತಂಡಗಳು ತಾಳ, ತಬಲ, ಹಾರ್ಮೋನಿಯಂ ಹೊತ್ತು ಬಂದು, ತಮ್ಮ ಸರದಿ ಬರುವವರೆಗೆ ಚಪ್ಪರದ ಹಿಂದೆ ಕಾಯುತ್ತ ಕೂತಿರುತ್ತವೆ. ವೇದಿಕೆಯ ಹಾಡಿಗಿಂತ ಈ ಹಿಂಬದಿಯ ಸಂಸಾರ ನಮಗೆ ಇಷ್ಟ.

ಕೆಲವು ವರ್ಷಗಳ ಹಿಂದೆ ಅಲ್ಲೊಬ್ಬ ವಯಸ್ಸಾದ ಹಾರ್ಮೋನಿಯಂ ಮೇಷ್ಟ್ರು ಕೂತಿದ್ದರು. ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಸಿದವರು. ತಂಡದ ಹುಡುಗನೊಬ್ಬ ಅವರ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತಿದ್ದ. ಮೇಷ್ಟ್ರು ಗದರಲಿಲ್ಲ. “ಬಿಳಿ ಮನೆ ಮುಟ್ಬೇಡ ಕಣೊ. ಬರೀ ಕಪ್ಪು ಮನೆ ಒತ್ತು. ಎಲ್ಲಿ ಒತ್ತಿದ್ರೂ ಹಾಡಾಯ್ತದೆ” ಎಂದರು. ಹುಡುಗ ಒತ್ತಿದ. ಎಲ್ಲೋ ಕೇಳಿದ ಹಾಡಿನಂತೆಯೇ ಕೇಳಿಸಿತು.

ನಾವು ಬೆರಗಾದೆವು. ಕಾರಣವಿಷ್ಟೆ. ಇದೇ ಉಪಾಯವನ್ನು ಇನ್ನೂರು ವರ್ಷಕ್ಕೂ ಹಿಂದೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಒಬ್ಬ ಸಂಗೀತಗಾರ ತನ್ನ ಗೆಳೆಯನಿಗೆ ಹೇಳಿಕೊಟ್ಟನೆಂದು ನಾವು ಓದಿದ್ದೆವು. ಅದರಿಂದ ಹುಟ್ಟಿತೆನ್ನುವ ಪಿಟೀಲಿನ ಮಟ್ಟು ಮುಂದೆ ಲೋಕ ಸುತ್ತಿ ಬಂಗಾಳದವರೆಗೂ ಬಂತು. ಅಂದು ಮೇಷ್ಟ್ರ ಪಕ್ಕದಲ್ಲಿ ಭಜನೆಯ ಕೈಬರಹದ ಪುಸ್ತಕವೊಂದಿತ್ತು. ತಿರುವಿ ನೋಡಿದೆವು. ಪ್ರತಿ ಹಾಡಿನ ನೆತ್ತಿಯಲ್ಲಿ ‘ಮಟ್ಟು’ ಎಂದು ಬರೆದು, ಅದರ ಮುಂದೆ ಯಾವುದೋ ಸಿನಿಮಾ ಹಾಡಿನದೋ ನಾಟಕದ ಪದದ್ದೋ ಹೆಸರಿತ್ತು. ನಮ್ಮ ಅಮ್ಮಿಯ ನಾತ್ ಪುಸ್ತಕವೂ ಹೀಗೆಯೇ ಇತ್ತು. ಪೈಗಂಬರರ ಮೇಲಿನ ಹಾಡು ಕೆಳಗೆ, ಅದರ ಮೇಲೆ ಉರ್ದುವಿನಲ್ಲಿ ‘ತರ್ಜ್’ ಎಂಬ ಪದ, ಅದರ ಪಕ್ಕದಲ್ಲಿ ‘ಚೌದವೀಂ ಕಾ ಚಾಂದ್’ ಚಿತ್ರದ ಹಾಡಿನಂಥ ಯಾವುದಾದರೊಂದರ ಹೆಸರು. ಮಟ್ಟು ಎಂದರೂ ತರ್ಜ್ ಎಂದರೂ ಒಂದೇ. ‘ಈ ಹಾಡನ್ನು ಆ ಹಾಡಿನಂತೆ ಹಾಡಿರಿ’ ಎಂಬ ಸೂಚನೆ ಅದು. ಸ್ಕಾಟ್ಲೆಂಡಿನ ಕವಿಯ ಪುಸ್ತಕದಲ್ಲೂ ಪ್ರತಿ ಹಾಡಿನ ಮೇಲೆ ಇಂಥದೇ ಒಂದು ಸಾಲು ಇರುತ್ತಿತ್ತು. ಓದುವಾಗ ಯಾರೂ ಗಮನಿಸದೆ ದಾಟಿಹೋಗುವ ಈ ಸಣ್ಣ ಸಾಲಿನ ಬಗ್ಗೆ ಇಲ್ಲಿ ಮಾತಾಡಬೇಕೆಂದಿದ್ದೇವೆ.

ಮೊದಲು ಆ ಮಟ್ಟಿನ ಕತೆ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ (1759-1796) ಡೂನ್ ಎಂಬ ನದಿಯ ಹತ್ತಿರ ಹುಟ್ಟಿದ ಒಕ್ಕಲು ಮನೆಯ ಮಗ. ಬದುಕಿನ ಕಡೆಯ ಹತ್ತು ವರ್ಷ ಅವನು ಹೆಚ್ಚಾಗಿ ಮಾಡಿದ ಕೆಲಸವೆಂದರೆ, ಜನರಲ್ಲಿದ್ದ ಹಳೆಯ ಮಟ್ಟುಗಳನ್ನು ಹುಡುಕಿ ಅವಕ್ಕೆ ಪದ ಕಟ್ಟುವುದು, ಹರಿದುಹೋದ ಹಳೆಯ ಪದಗಳನ್ನು ಹೊಲಿದು ಕೂಡಿಸುವುದು. ಜೇಮ್ಸ್ ಜಾನ್ಸನ್ ಹೊರತರುತ್ತಿದ್ದ ಹಾಡುಗಳ ಸಂಪುಟಗಳಿಗೂ ಜಾರ್ಜ್ ಥಾಮ್ಸನ್‌ನ ಸಂಗ್ರಹಕ್ಕೂ ನೂರಾರು ಹಾಡು ಕೊಟ್ಟ. ಇದನ್ನು ಕೂಲಿಗಾಗಿ ಮಾಡುವುದಿಲ್ಲವೆಂದು ಹಟ ಹಿಡಿದವನು ಅವನು. ಮಟ್ಟು ಪೂರ್ತಿಯಾಗಿ ಮೈಗೂಡುವವರೆಗೆ ತನ್ನಿಂದ ಪದ ಕಟ್ಟಲಾಗದು ಎಂದು ಥಾಮ್ಸನ್‌ಗೆ ಬರೆದಿದ್ದ. ಅಂದರೆ ಮಟ್ಟು ಮೊದಲು, ಮಾತು ಆಮೇಲೆ. ನಮ್ಮ ಭಜನೆಯವರೂ ನಾತ್ ಕಟ್ಟುವವರೂ ಮಾಡುವುದು ಇದನ್ನೇ.

ಹೀಗೆ ಅವನ ಕೈಗೆ ಬಂದ ಮಟ್ಟುಗಳಲ್ಲಿ ಒಂದರ ಹೆಸರು ‘ಕ್ಯಾಲೆಡೋನಿಯನ್ ಹಂಟ್ಸ್ ಡಿಲೈಟ್’. ಕ್ಯಾಲೆಡೋನಿಯ ಎಂದರೆ ಸ್ಕಾಟ್ಲೆಂಡಿನ ಹಳೆಯ ಹೆಸರು. ಕ್ಯಾಲೆಡೋನಿಯನ್ ಹಂಟ್ ಎಂಬುದು ಅಲ್ಲಿನ ಶ್ರೀಮಂತ ಜಮೀನುದಾರರು ಕಟ್ಟಿಕೊಂಡಿದ್ದ ಬೇಟೆಯ ಕೂಟ. 1787ರಲ್ಲಿ ಎಡಿನ್‌ಬರೋದಲ್ಲಿ ಅಚ್ಚಾದ ತನ್ನ ಕವಿತೆಗಳನ್ನು ಬರ್ನ್ಸ್ ಈ ಕೂಟದವರಿಗೇ ಅರ್ಪಿಸಿದ್ದ. ಅವರು ನೂರು ಪ್ರತಿ ಕೊಂಡಿದ್ದರು. ಮರುವರ್ಷ, 1788ರಲ್ಲಿ, ಆ ನಾಡಿನ ಹೆಸರಾಂತ ಪಿಟೀಲುಗಾರ ನೀಲ್ ಗೌ ತನ್ನ ಎರಡನೆಯ ಸಂಗ್ರಹದಲ್ಲಿ ಈ ಮಟ್ಟನ್ನು ಅಚ್ಚು ಹಾಕಿಸಿದ. ಬೇಟೆಯ ಕೂಟದ ಸಂತೋಷಕ್ಕೆಂದು ಹೆಸರಿಟ್ಟ ಮಟ್ಟು ಅದು.

ಅದು ಹುಟ್ಟಿದ್ದು ಹೇಗೆ? ಬರ್ನ್ಸ್ 1794ರ ನವೆಂಬರಿನಲ್ಲಿ ಥಾಮ್ಸನ್‌ಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಎಡಿನ್‌ಬರೋದ ಜೇಮ್ಸ್ ಮಿಲ್ಲರ್ ಎಂಬ ವಕೀಲಿ ವೃತ್ತಿಯವನಿಗೆ ಒಂದು ಸ್ಕಾಟಿಷ್ ಮಟ್ಟು ಕಟ್ಟಬೇಕೆಂಬ ಆಸೆ. ಸಂಗೀತಗಾರ ಸ್ಟೀಫನ್ ಕ್ಲಾರ್ಕ್ ಅವನಿಗೆ ತಮಾಷೆಯಾಗಿ, ಹಾರ್ಪ್ಸಿಕಾರ್ಡ್ ವಾದ್ಯದ ಕಪ್ಪು ಮನೆಗಳನ್ನಷ್ಟೇ ಮುಟ್ಟು, ಒಂದಿಷ್ಟು ಲಯ ಕಾಪಾಡು, ಸ್ಕಾಟಿಷ್ ಮಟ್ಟು ತಾನಾಗಿ ಬರುತ್ತದೆ ಎಂದನಂತೆ. ಮಿಲ್ಲರ್ ಹಾಗೆಯೇ ಮಾಡಿದ. ಕ್ಲಾರ್ಕ್ ಅಲ್ಲಿ ಇಲ್ಲಿ ತಿದ್ದಿದ. ಮಟ್ಟು ಸಿದ್ಧವಾಯಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬರ್ನ್ಸ್ ಅದೇ ಪತ್ರದಲ್ಲಿ ಇನ್ನೆರಡು ಸಾಕ್ಷಿ ಕೊಡುತ್ತಾನೆ. ಒಬ್ಬ ಐರಿಷ್ ಗೃಹಸ್ಥ ಇದನ್ನು ತಮ್ಮ ನಾಡಿನ ಮುದುಕಿಯರ ಬಾಯಲ್ಲಿ ಕೇಳಿದ್ದೇನೆಂದು ಆಣೆ ಇಡುತ್ತಾನೆ. ದೊಡ್ಡ ಮನೆತನದ ಹೆಂಗಸೊಬ್ಬಳು, ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಊರೂರು ತಿರುಗುವ ಕೊಳಲುವಾದಕನೊಬ್ಬನಿಂದ ತನ್ನ ಪರಿಚಯದ ಹೆಂಗಸು ಬರೆದುಕೊಂಡು ತಂದದ್ದು ಎನ್ನುತ್ತಾಳೆ. ನಮ್ಮ ಮಟ್ಟುಗಳ ಮೂಲ ಹುಡುಕುವುದು ಎಷ್ಟು ಕಷ್ಟ ನೋಡು ಎಂದು ತೋರಿಸುವುದಕ್ಕೇ ಬರ್ನ್ಸ್ ಇವನ್ನು ಹೇಳುವುದು. ಒಂದು ನಾಡಿನ ಹೆಮ್ಮೆಯ ಕವಿ, ಆ ನಾಡಿನ ಹೆಮ್ಮೆಯ ಮಟ್ಟಿನ ಬಗ್ಗೆ, ಇದು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವುದಿಲ್ಲ. ಮೂರೂ ಕತೆಗಳನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾನೆ. ವಿಮರ್ಶಕನಾದವನು ಕಲಿಯಬೇಕಾದ ನಡೆ ಇದು ಎಂದು ನಮಗೆ ಅನ್ನಿಸುತ್ತದೆ.

ಇನ್ನು ಈ ಮಟ್ಟಿಗೆ ಅವನು ಏನು ಮಾಡಿದ ಎಂಬ ಪ್ರಶ್ನೆ. ಅವನು ಇದಕ್ಕೆ ಕೂಡಿಸಿದ ಪದ ‘ಬ್ಯಾಂಕ್ಸ್ ಓ ಡೂನ್’. 1792ರಲ್ಲಿ ಜಾನ್ಸನ್‌ನ ಸಂಪುಟದಲ್ಲಿ ಅಚ್ಚಾಯಿತು. ಪ್ರಿಯಕರ ಕೈಬಿಟ್ಟುಹೋದ ಹುಡುಗಿಯೊಬ್ಬಳು ಹೊಳೆಯ ದಂಡೆಯಲ್ಲಿ ನಿಂತಿದ್ದಾಳೆ. ದಂಡೆಯ ತುಂಬ ಹೂ ಬಿಟ್ಟಿದೆ, ಹಕ್ಕಿ ಹಾಡುತ್ತಿದೆ. ನನ್ನ ಎದೆ ಹೀಗಿರುವಾಗ ನಿಮಗೆ ಹೀಗಿರಲು ಮನಸ್ಸಾದರೂ ಹೇಗೆ ಬಂತು ಎಂದು ಅವಳು ಕೇಳುತ್ತಾಳೆ. ಗುಲಾಬಿಯನ್ನು ಅವನು ಒಯ್ದ, ಮುಳ್ಳು ನನ್ನ ಬಳಿ ಉಳಿಯಿತು ಎನ್ನುತ್ತಾಳೆ. ಜಮೀನುದಾರರ ಬೇಟೆಯ ಸಂತೋಷದ ಮಟ್ಟನ್ನು ತೆಗೆದುಕೊಂಡು, ಬೇಟೆಗೆ ಸಿಕ್ಕ ಹೆಣ್ಣಿನ ಬಾಯಿಗೆ ಕೊಟ್ಟ ಹಾಗಾಯಿತು. ಕವಿಗೆ ಇದರ ಅರಿವಿತ್ತೋ ಇಲ್ಲವೋ, ಆದರೆ ಮಟ್ಟಿನ ಹೆಸರು ಹಾಡಿನ ಮೇಲೆ ಅಚ್ಚಾಗಿರುವುದರಿಂದ ಓದುಗನಿಗೆ ಇದು ಕಾಣುತ್ತದೆ. ಆ ಸಣ್ಣ ಸಾಲನ್ನು ತೆಗೆದುಬಿಟ್ಟರೆ ಕಾಣುವುದಿಲ್ಲ.

ಸಾಲ ಪುಕ್ಕಟೆ ಸಿಗುವುದಿಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 1791ರಲ್ಲಿ ಬರ್ನ್ಸ್ ಈ ಹಾಡನ್ನು ಒಂದಕ್ಕಿಂತ ಹೆಚ್ಚು ಸಲ ಬರೆದ. ಮೊದಲಿನ ಪಾಠದಲ್ಲಿ ಒಂದು ಸಾಲು ಉದ್ದ, ಒಂದು ಸಾಲು ಮೋಟು. ಹಳ್ಳಿಯ ಲಾವಣಿಯ ಸರಳ ನಡೆ. ಪಿಟೀಲಿನ ಈ ಮಟ್ಟು ಎರಡೂ ಸಾಲು ಉದ್ದವೇ ಇರಲಿ ಎಂದು ಕೇಳಿತು. ಆಗ ಕವಿ ಮೋಟು ಸಾಲುಗಳಿಗೆ ವಿಶೇಷಣಗಳನ್ನು ಸೇರಿಸಿ ಎಳೆದ. ಒಂದು ಗುಣವಾಚಕ ಇದ್ದಲ್ಲಿ ಎರಡಾದವು. ಹಳೆಯ ಪಾಠವೇ ಮೇಲು, ಅದರಲ್ಲಿ ಒಂದು ಮಾತೂ ಹೆಚ್ಚಿಲ್ಲ ಎಂದು ಬಹಳ ವಿಮರ್ಶಕರು ಹೇಳಿದ್ದಾರೆ. ಕಾಗದದ ಮೇಲೆ ಓದಿದರೆ ಅವರ ಮಾತು ಸರಿ. ಆದರೆ ಜನರ ಬಾಯಲ್ಲಿ ಉಳಿದದ್ದು ಎಳೆದ ಪಾಠ. ಏಕೆಂದರೆ ಅದಕ್ಕೆ ಮಟ್ಟು ಇತ್ತು. ಹಾಡಿನಲ್ಲಿ ಆ ಹೆಚ್ಚಿನ ಪದಗಳು ಅರ್ಥಕ್ಕಾಗಿ ಇರುವುದಿಲ್ಲ, ಉಸಿರಿಗಾಗಿ ಇರುತ್ತವೆ. ನಮ್ಮ ಭಜನೆಗಳಲ್ಲಿ ಬರುವ ‘ನೋಡೊ’, ‘ಕೇಳೊ’, ‘ತಮ್ಮ’ಗಳನ್ನು ತೆಗೆದುಹಾಕಿ ನೋಡಿ, ಕವಿತೆ ಬಿಗಿಯಾಗುತ್ತದೆ, ಹಾಡು ಸಾಯುತ್ತದೆ.

ಈ ಮಟ್ಟು ಬಂಗಾಳಕ್ಕೆ ಬಂದದ್ದು ರವೀಂದ್ರನಾಥ ಠಾಕೂರರ ಜೊತೆ. ಹದಿಹರೆಯದಲ್ಲಿ ಇಂಗ್ಲೆಂಡಿಗೆ ಹೋಗಿ 1880ರಲ್ಲಿ ಮರಳಿದ ಅವರು, ಅಲ್ಲಿ ಕೇಳಿದ ಮಟ್ಟುಗಳನ್ನು ತಮ್ಮ ಗೀತನಾಟಕಗಳಲ್ಲಿ ಬಳಸಿದರು. 1882ರ ‘ಕಾಲಮೃಗಯಾ’ದಲ್ಲಿ ಬರುವ ‘ಫೂಲೆ ಫೂಲೆ’ ಹಾಡು ಡೂನ್ ನದಿಯ ಮಟ್ಟಿನಲ್ಲಿದೆ. ಮಾತು ಮಾತ್ರ ಬೇರೆ. ಹೂವಿನಿಂದ ಹೂವಿಗೆ ತೂಗುವ ತಂಗಾಳಿಯ ಹಾಡು ಅದು. ನಾಟಕದ ಕತೆಯೋ, ದಶರಥನು ಬೇಟೆಗೆ ಹೋಗಿ ಕುರುಡ ಮುನಿಯ ಮಗನನ್ನು ಕತ್ತಲಲ್ಲಿ ಕೊಂದದ್ದು. ಬೇಟೆಯ ಕೂಟದಿಂದ ಹೊರಟ ಮಟ್ಟು ತಿರುಗಿ ಒಂದು ಬೇಟೆಯ ನಾಟಕಕ್ಕೇ ಬಂದು ಸೇರಿತು.

ನಮ್ಮಲ್ಲಿ ಚಲನಚಿತ್ರ ಸಮಾಜಗಳ ಮೂಲಕ ಸತ್ಯಜಿತ್ ರಾಯ್ ಅವರ ‘ಚಾರುಲತಾ’ (1964) ನೋಡಿದವರಿಗೆ ಈ ಹಾಡು ನೆನಪಿರಬಹುದು. ಗಂಡ ತನ್ನ ಪತ್ರಿಕೆಯ ಕೆಲಸದಲ್ಲಿ ಮುಳುಗಿದ್ದಾನೆ. ತೋಟದ ಉಯ್ಯಾಲೆಯಲ್ಲಿ ಕೂತ ಚಾರು ಇದನ್ನು ಗುನುಗುತ್ತಾಳೆ. ಮಾತು ತಂಗಾಳಿಯದು, ಮುಖ ಒಂಟಿ ಹೆಂಗಸಿನದು. ಡೂನ್ ದಂಡೆಯ ಹುಡುಗಿಯ ದುಃಖ ಮಾತಿನಲ್ಲಿ ಇಲ್ಲವಾದರೂ ಮಟ್ಟಿನೊಳಗೆ ಉಳಿದುಕೊಂಡು ಬಂದಿತ್ತೇ ಎನ್ನಿಸುವಂತೆ ಆ ದೃಶ್ಯವಿದೆ. ಸಂತೋಷ, ದುಃಖ, ತಂಗಾಳಿ, ಮತ್ತೆ ಒಂಟಿತನ. ಒಂದೇ ಮಟ್ಟು ಇಷ್ಟನ್ನೂ ಹೊತ್ತಿತು. ಹೀಗಿರುವಾಗ, ಈ ಮಟ್ಟು ಈ ಭಾವಕ್ಕೆ ಸಲ್ಲದು, ಈ ದೇವರಿಗೆ ಸಲ್ಲದು ಎಂದು ಮೊದಲೇ ತೀರ್ಪು ಕೊಡುವುದು ಹೇಗೆ?

ಸುತ್ತೂರಿನ ಮೇಷ್ಟ್ರ ಬಳಿಗೆ ಮರಳೋಣ. ಅವರ ಮಾತಿನಲ್ಲಿ ಶಾಸ್ತ್ರವಿದೆ. ಹಾರ್ಮೋನಿಯಂನಲ್ಲಿ ಮೂರು ಕಪ್ಪು ಮನೆಗಳ ಗುಂಪು, ಎರಡರ ಗುಂಪು ಎಂದು ಸಾಲಾಗಿ ಬರುತ್ತವೆ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜವೆಂದು ಹಿಡಿದು ಕಪ್ಪುಗಳನ್ನಷ್ಟೇ ನುಡಿಸಿದರೆ ಸ ರಿ ಗ ಪ ದ ಬರುತ್ತದೆ. ಅದು ನಮ್ಮ ಮೋಹನ, ಹಿಂದೂಸ್ತಾನಿಯವರ ಭೂಪ್. ಅದೇ ಗುಂಪಿನ ಎರಡನೆಯದರಿಂದ ಹೊರಟರೆ ಮಧ್ಯಮಾವತಿ, ಮೂರನೆಯದರಿಂದ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಐದೇ ಮನೆಗಳಲ್ಲಿ ಐದು ರಾಗಗಳ ಸ್ವರ. ಎಲ್ಲಿ ಒತ್ತಿದರೂ ಹಾಡಾಗುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ಡೂನ್‌ನ ಮಟ್ಟು ಇವುಗಳಲ್ಲಿ ಮೋಹನದ ಸ್ವರಗಳಲ್ಲಿದೆ.

ಹಾಗೆಂದು ಅದು ಮೋಹನವಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಎಲ್ಲವೂ ನಮ್ಮಲ್ಲೇ ಇತ್ತು ಎಂದು ಸಂಭ್ರಮಿಸುವ ಚಟ ಇತ್ತೀಚೆಗೆ ಹೆಚ್ಚಾಗಿದೆ. ಸ್ವರಗಳು ಒಂದೇ ಆದರೂ ರಾಗ ಒಂದೇ ಅಲ್ಲ. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ತೂಗಬೇಕು, ಯಾವುದರಿಂದ ಯಾವುದಕ್ಕೆ ಜಾರಬೇಕು ಎಂಬುದು ಸೇರಿದರೆ ರಾಗ. ಹಾರ್ಮೋನಿಯಂ ಈ ಜಾರುವ ಕೆಲಸ ಮಾಡಲಾರದು ಎಂಬುದೇ ಅದರ ಮೇಲಿನ ದೊಡ್ಡ ಆರೋಪ. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಹೊರಗಿಡಬೇಕೆಂದು ಕೇಳಿದವರಲ್ಲಿ ಸ್ಕಾಟಿಷ್ ಮಟ್ಟನ್ನು ಪ್ರೀತಿಯಿಂದ ಕರೆತಂದ ರವೀಂದ್ರರೂ ಒಬ್ಬರು. ಇದು ವಿರೋಧಾಭಾಸವೆಂದು ಕಂಡರೂ ನಾವು ಅವರನ್ನು ಅಲ್ಲಗಳೆಯುವುದಿಲ್ಲ. ಅವರ ತಕರಾರು ಪೆಟ್ಟಿಗೆಯ ನಾಡಿನ ಬಗ್ಗೆ ಅಲ್ಲ, ಅದರ ಬಾಯಿಯ ಬಗ್ಗೆ. ವಿಮರ್ಶೆ ಇರಬೇಕಾದ್ದೇ ಹಾಗೆ. ಆದರೂ ಆಕಾಶವಾಣಿ ಬೇಡವೆಂದ ಮೂವತ್ತು ವರ್ಷವೂ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಡೆದದ್ದು ಅದೇ ಪೆಟ್ಟಿಗೆಯ ಮೇಲೆ.

ಪಿಟೀಲಿನ ಕತೆ ಬೇರೆ. ಸುತ್ತೂರಿನಿಂದ ಕಪಿಲೆ ಕೆಳಗೆ ಹರಿದು ಟಿ. ನರಸೀಪುರದ ಬಳಿ ಕಾವೇರಿಯನ್ನು ಕೂಡುತ್ತದೆ. ಆ ಕೂಡಲಿನ ಊರು ತಿರುಮಕೂಡಲು. 1895ರಲ್ಲಿ ಅಲ್ಲಿ ಹುಟ್ಟಿದ ಚೌಡಯ್ಯನವರನ್ನು ನಾಡು ‘ಪಿಟೀಲು ಚೌಡಯ್ಯ’ ಎಂದೇ ಕರೆಯಿತು. ಪಿಟೀಲು ಎಂಬ ಪದವೇ ಫಿಡ್ಲ್ ಎಂಬುದು ನಮ್ಮವರ ನಾಲಗೆಯಲ್ಲಿ ಹದವಾಗಿ ಆದದ್ದು. ನೀಲ್ ಗೌ ನುಡಿಸುತ್ತಿದ್ದುದೂ ಇದೇ ವಾದ್ಯ.

ದಕ್ಷಿಣದ ಸಂಗೀತಕ್ಕೆ ಇದು ಬಂದದ್ದು ಮದರಾಸಿನ ಕೋಟೆಯ ಬ್ಯಾಂಡಿನವರ ಸಹವಾಸದಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ಅದನ್ನು ಕಲಿತರು. ಅಣ್ಣ ದೀಕ್ಷಿತರು ಆ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತದ ಸಾಹಿತ್ಯ ಕೂಡಿಸಿದರು. ‘ನೋಟ್ಟುಸ್ವರ’ ಎಂಬ ಹೆಸರಿನ ಇಂಥ ರಚನೆಗಳು ಸುಮಾರು ನಲವತ್ತು ಇವೆ. ಅವರ ‘ಸಂತತಂ ಪಾಹಿಮಾಂ’ ಇಂಗ್ಲೆಂಡಿನ ರಾಜಗ��ತೆಯ ಮಟ್ಟಿನಲ್ಲಿದೆ. ‘ಜಗದೀಶ ಗುರುಗುಹ’ದಲ್ಲಿ ಸ್ಕಾಟ್ಲೆಂಡಿನ ‘ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್’ ಎಂಬ ಪಿಟೀಲು ಕುಣಿತದ ಮಟ್ಟನ್ನು ಸಂಶೋಧಕರು ಗುರುತಿಸಿದ್ದಾರೆ. ಆ ರಾಜಗೀತೆ ಲಂಡನ್ನಿನ ರಂಗಮಂದಿರಗಳಲ್ಲಿ ಜನಪ್ರಿಯವಾದದ್ದು 1745ರಲ್ಲಿ, ಸ್ಕಾಟ್ಲೆಂಡಿನಿಂದ ದಂಗೆಯ ಪಡೆ ಇಳಿದು ಬರುತ್ತಿದೆಯೆಂದು ನಗರ ಹೆದರಿದ್ದಾಗ. ಒಂದು ಸ್ಕಾಟರಿಗೆ ಎದುರಾಗಿ ಹಾಡಿದ್ದು, ಒಂದು ಸ್ಕಾಟರೇ ಕುಣಿದದ್ದು. ದೀಕ್ಷಿತರ ಬಳಿ ಎರಡೂ ಅಣ್ಣತಮ್ಮಂದಿರಂತೆ ದೇವರ ಮುಂದೆ ಕೂತಿವೆ.

ನಮ್ಮ ಅಭಿಪ್ರಾಯ ಕೇಳಿದರೆ, ನೋಟ್ಟುಸ್ವರಗಳು ದೀಕ್ಷಿತರ ದೊಡ್ಡ ಕೆಲಸವಲ್ಲ. ಮಟ್ಟು ಬಂದ ಹಾಗೇ ಇದೆ, ಮಾತು ಅದರ ಅಳತೆಗೆ ಕೂತಿದೆ. ಎರಡೂ ಒಂದನ್ನೊಂದು ಕಾಡುವುದಿಲ್ಲ. ಮಕ್ಕಳಿಗೆ ಪಿಟೀಲು ಕಲಿಸಲು ಅವು ಬಹಳ ಚೆನ್ನ. ಚೌಡಯ್ಯನವರು ಹಿಡಿದದ್ದು ಇದಕ್ಕೆ ಎದುರು ದಾರಿ. ಅವರು ಪರದೇಶದ ಮಟ್ಟಿಗೆ ಕೈಚಾಚಲಿಲ್ಲ, ವಾದ್ಯವನ್ನು ಹಿಡಿದರು. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಹಲವು ವರ್ಷ ಗುರುಕುಲದಲ್ಲಿದ್ದು ಹಾಡುಗಾರಿಕೆಯನ್ನೇ ತಂತಿಗೆ ಇಳಿಸಿದರು. ಧ್ವನಿವರ್ಧಕ ಇಲ್ಲದ ಕಾಲ. ತುಂಬಿದ ಸಭೆಯ ಕೊನೆಯವನಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಮಡಿವಂತರು ಮೂಗು ಮುರಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಪರದೇಶದ ವಸ್ತು ನಮ್ಮದಾಗುವುದು ಎಂದರೆ ಇದೇ. ಅಷ್ಟು ವರ್ಷದ ದುಡಿಮೆ ಅದರ ಬೆಲೆ. ಬೆಲೆ ಕೊಟ್ಟವನ ಬಳಿ ಇದು ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಕನ್ನಡಕ್ಕೆ ಸ್ಕಾಟ್ಲೆಂಡ್ ಇನ್ನೊಂದು ದಾರಿಯಿಂದಲೂ ಬಂದಿದೆ, ಮಟ್ಟನ್ನು ಬಿಟ್ಟು ಮಾತಾಗಿ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (1926) ಸಂಗ್ರಹದ ‘ಕಾರಿಹೆಗ್ಗಡೆಯ ಮಗಳು’ ಪದ್ಯವನ್ನು ನಮ್ಮ ತಲೆಮಾರಿನವರು ಶಾಲೆಯಲ್ಲಿ ಕಂಠಪಾಠ ಮಾಡಿದ್ದಾರೆ. ಅದರ ಮೂಲ ಗ್ಲಾಸ್ಗೋದಲ್ಲಿ ಹುಟ್ಟಿದ ಥಾಮಸ್ ಕ್ಯಾಂಬೆಲ್‌ನ ‘ಲಾರ್ಡ್ ಅಲಿನ್ಸ್ ಡಾಟರ್’. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ಹೊಸತರಲ್ಲಿ ನಾವು ಮೊದಲು ಬಾಯಿಪಾಠ ಮಾಡಿದ ಪದ್ಯಗಳಲ್ಲಿ ಅದೂ ಒಂದು. ತಂದೆಗೆ ಹೆದರಿ ಓಡುವ ಜೋಡಿ, ದೋಣಿಯವ, ಬಿರುಗಾಳಿ, ದಡದಲ್ಲಿ ನಿಂತು ಕೂಗುವ ತಂದೆ, ಇವರು ಪರದೇಶದವರೆಂದು ನಮಗೆ ಒಮ್ಮೆಯೂ ಅನ್ನಿಸಲಿಲ್ಲ. ಸ್ಕಾಟ್ಲೆಂಡಿನ ಹಿನ್ನೀರು ನಮ್ಮ ಕಡಲಾಗಿತ್ತು, ಅಲ್ಲಿನ ಒಡೆಯ ಹೆಗ್ಗಡೆಯಾಗಿದ್ದ. ಆ ಪದ್ಯ ಮಟ್ಟಿಲ್ಲದೆ ಬಂದದ್ದರಿಂದ ಪ್ರತಿ ಶಾಲೆಯೂ ಅದಕ್ಕೊಂದು ಧಾಟಿ ಮಾಡಿಕೊಂಡಿತು. ರವೀಂದ್ರರು ಮಾತು ಬಿಟ್ಟು ಮಟ್ಟು ತಂದರು, ಶ್ರೀಯವರು ಮಟ್ಟು ಬಿಟ್ಟು ಮಾತು ತಂದರು. ಇಬ್ಬರೂ ಎಲ್ಲಿಂದ ತಂದೆವೆಂಬುದನ್ನು ಮುಚ್ಚಿಡಲಿಲ್ಲ. ‘ಇಂಗ್ಲಿಷ್ ಗೀತಗಳು’ ಎಂದು ಪುಸ್ತಕದ ಹಣೆಯ ಮೇಲೇ ಬರೆದಿದೆ.

ಉರ್ದು ಶಾಲೆಯಲ್ಲಿಯೂ ನಾವು ಇದನ್ನು ಕಂಡಿದ್ದೆವು. ಬೆಳಗಿನ ಪ್ರಾರ್ಥನೆಗೆ ಹಾಡುತ್ತಿದ್ದ ಇಕ್ಬಾಲರ ‘ಬಚ್ಚೇ ಕೀ ದುಆ’ ಕವಿತೆಯ ಕೆಳಗೆ ಅವರ ‘ಬಾಂಗ್-ಎ-ದರಾ’ ಸಂಕಲನದಲ್ಲಿ ‘ಮಾಖೂಜ್’ ಎಂಬ ಒಂದು ಪದ ಇದೆ. ಬೇರೆ ಕಡೆಯಿಂದ ತೆಗೆದುಕೊಂಡದ್ದು ಎಂದು ಅರ್ಥ. ಮಕ್ಕಳಿಗೆಂದು ಬರೆದ ಬೇರೆ ಕೆಲವು ಪದ್ಯಗಳ ಮೇಲೂ ಆ ಪದವಿದೆ, ಕೆಲವಕ್ಕೆ ಮೂಲ ಕವಿಯ ಹೆಸರೂ ಇದೆ. ಕೋಟಿ ಮಕ್ಕಳ ಬಾಯಲ್ಲಿ ದುಆ ಆಗಿ ನಿಂತ ಹಾಡು ತಾನು ಸಾಲದ್ದೆಂದು ಹೇಳಿಕೊಳ್ಳಲು ನಾಚಲಿಲ್ಲ.

ನಾಚುವವರು ನಾವು, ಇಂದಿನವರು. ಅಮ್ಮಿ ತೀರಿಕೊಂಡ ಮೇಲೆ ಅವರ ನಾತ್ ಪುಸ್ತಕ ನಮ್ಮ ಬಂಧುವೊಬ್ಬನ ಮನೆಯಲ್ಲಿ ಕೆಲವು ತಿಂಗಳು ಇತ್ತು. ಒಳ್ಳೆಯ ಹುಡುಗ, ಭಕ್ತಿಯುಳ್ಳವನು. ಪೈಗಂಬರರ ಹೆಸರಿರುವ ಪುಟದ ಮೇಲೆ ಸಿನಿಮಾದ ಹೆಸರು ಇರಬಾರದೆಂದು ಅವನಿಗೆ ಅನ್ನಿಸಿದೆ. ತರ್ಜಿನ ಸಾಲುಗಳನ್ನೆಲ್ಲ ಕಪ್ಪು ಶಾಯಿಯಿಂದ ಹೊಡೆದುಹಾಕಿದ್ದ. ಪುಸ್ತಕ ನಮ್ಮ ಕೈಗೆ ಬಂದಾಗ ಪದಗಳೆಲ್ಲ ಇದ್ದವು, ಒಂದಕ್ಷರ ಹೋಗಿರಲಿಲ್ಲ. ಹಾಡುಗಳು ಹೋಗಿದ್ದವು. ಆಪಾ ಮತ್ತು ನಾವು ಕೂತು ಒಂದೊಂದನ್ನೇ ನೆನಪಿಸಿಕೊಂಡೆವು. ಹತ್ತಿಪ್ಪತ್ತು ಸಿಕ್ಕವು. ಉಳಿದವುಗಳಲ್ಲಿ ಅಮ್ಮಿಯ ಕೈಬರಹವಿದೆ, ದನಿ ಇಲ್ಲ.

ಅವನೊಬ್ಬನನ್ನು ದೂರಿ ಪ್ರಯೋಜನವಿಲ್ಲ. ಅವನು ಭಕ್ತಿಯಿಂದ ಮಾಡಿದ್ದನ್ನು ಓದಿದವರು ಅಭಿರುಚಿಯ ಹೆಸರಿನಲ್ಲಿ ಮಾಡುತ್ತಾರೆ. ನಮ್ಮ ಕೈಗೆ ಬಂದ ಎಷ್ಟೋ ಹಾಡುಗಬ್ಬದ ಸಂಕಲನಗಳಲ್ಲಿ ಹಾಡು ಇದೆ, ಪಾಠಾಂತರ ಇದೆ, ಮಟ್ಟಿನ ಸಾಲು ಇಲ್ಲ. ಸಂಪಾದಕರಿಗೆ ಅದು ಸಾಹಿತ್ಯವೆಂದು ಕಂಡಿಲ್ಲ. ಶಿಶುನಾಳ ಷರೀಫರ ಪದಗಳನ್ನು ನಮ್ಮಲ್ಲಿ ಬಹುಮಂದಿ ಬಲ್ಲದ್ದು ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ. ಆ ಸಂಯೋಜನೆಗಳು ಷರೀಫರನ್ನು ಮನೆಮನೆಗೆ ಮುಟ್ಟಿಸಿದವು, ಅದಕ್ಕೆ ನಾವು ಋಣಿಗಳು. ಆದರೆ ಉತ್ತರದ ಭಜನೆಯ ಮನೆಗಳಲ್ಲಿ ಅದೇ ಪದ ಬೇರೆ ಮಟ್ಟಿನಲ್ಲಿ ಕೇಳಿದಾಗ ಇದು ತಪ್ಪು ಎನ್ನುವ ಪೇಟೆಯವರನ್ನು ನೋಡಿದ್ದೇವೆ. ಅವರಿಗೆ ತಾವು ಕೇಳಿದ ಧ್ವನಿಸುರುಳಿಯೇ ಮೂಲ.

ನಮ್ಮ ವಾದ ಇಷ್ಟು. ಹಾಡಿನ ಮೇಲಿನ ಸಣ್ಣ ಸಾಲು ಸಾಲದ ರಸೀದಿ. ಇಂಥವರಿಂದ ಇಷ್ಟು ತೆಗೆದುಕೊಂಡಿದ್ದೇವೆ ಎಂದು ಅದು ಹೇಳುತ್ತದೆ. ರಸೀದಿ ಹರಿದರೆ ಸಾಲ ತೀರುವುದಿಲ್ಲ, ಕೊಟ್ಟವರ ಗುರುತು ಮಾತ್ರ ಅಳಿಯುತ್ತದೆ. ಹಾಗೆಂದು ಸಾಲ ತಂದದ್ದೆಲ್ಲ ಒಳ್ಳೆಯದೆಂದಲ್ಲ. ಕುಣಿಯುವ ಸಿನಿಮಾ ಮಟ್ಟಿಗೆ ದೇವರ ಹೆಸರನ್ನು ತುರುಕಿದ, ಉಸಿರಿಗೂ ಮಾತಿಗೂ ತಾಳವಿಲ್ಲದ ಕಳಪೆ ಹಾಡುಗಳು ನಮ್ಮ ಮೀಲಾದ್ ಸಭೆಗಳಲ್ಲೂ ಇವೆ, ಜಾತ್ರೆಯ ಧ್ವನಿವರ್ಧಕದಲ್ಲೂ ಇವೆ. ಅವನ್ನು ಕಳಪೆ ಎನ್ನೋಣ. ಆದರೆ ಕಳಪೆ ಎನ್ನುವುದಕ್ಕೆ ಕಾರಣ ಮಟ್ಟು ಎಲ್ಲಿಂದ ಬಂತು ಎಂಬುದಾಗದಿರಲಿ. ಬಂದ ಮಟ್ಟಿನ ಜೊತೆ ಹೊಸ ಮಾತು ಏನು ಮಾಡಿತು ಎಂಬುದಾಗಲಿ. ಬೇಟೆಯ ಮಟ್ಟನ್ನು ಹುಡುಗಿಯ ಬಾಯಿಗೆ ಕೊಟ್ಟ ಬರ್ನ್ಸ್ ಮಾಡಿದಂಥ ಏನಾದರೂ ಅಲ್ಲಿ ನಡೆದಿದೆಯೇ ಎಂದು ನೋಡೋಣ.

ಮರುವರ್ಷದ ಜಾತ್ರೆಗೆ ನಾವು ಅಮ್ಮಿಯ ಪುಸ್ತಕ ಒಯ್ದಿದ್ದೆವು. ಮೇಷ್ಟ್ರು ಸಿಕ್ಕರು. ಮಟ್ಟು ಅಳಿಸಿಹೋದ ಒಂದು ನಾತನ್ನು ಓದಿ ಹೇಳಿದೆವು. ಉರ್ದು ಅವರಿಗೆ ಬಾರದು. ಮಾತ್ರೆ ಎಣಿಸಿಕೊಂಡರು, ಎರಡು ಸಲ ಓದಿಸಿದರು, ಆಮೇಲೆ ಪೆಟ್ಟಿಗೆ ಎಳೆದುಕೊಂಡು ಕಪ್ಪು ಮನೆಗಳಲ್ಲೇ ಅದಕ್ಕೊಂದು ನಡೆ ಹುಡುಕಿದರು. ಅಷ್ಟರಲ್ಲಿ ಅವರ ತಂಡದ ಸರದಿ ಬಂತು, ಎದ್ದು ಹೋದರು. ನಾವು ಅದನ್ನು ದೂರವಾಣಿಯಲ್ಲಿ ಹಿಡಿದಿಟ್ಟುಕೊಂಡು ಬಂದು ಆಪಾಗೆ ಕೇಳಿಸಿದೆವು. ಅವರು ಕೊನೆಯವರೆಗೂ ಕೇಳಿ, ಇದು ಅಮ್ಮಿ ಹಾಡುತ್ತಿದ್ದ ತರ್ಜಲ್ಲ ಎಂದರು. ನಿಜ, ಅಲ್ಲ. ಆದರೂ ಹೊಡೆದುಹಾಕಿದ ಸಾಲಿನ ಮೇಲೆ, ಉಳಿದಿದ್ದ ಜಾಗದಲ್ಲಿ, ಪೆನ್ಸಿಲಿನಿಂದ ಬರೆದಿಟ್ಟಿದ್ದೇವೆ: ತರ್ಜ್, ಸುತ್ತೂರಿನ ಹಾರ್ಮೋನಿಯಂ ಮೇಷ್ಟ್ರು.